ಲಾರಿ ಆಕ್ಸೆಲ್‌ಗೆ ಮ್ಯಾಗ್ನೆಟ್ ಡ್ರೈನ್ ಪ್ಲಗ್: ಮೆಚ್ಚಿದ್ದೂ ಉಂಟು, ಸಿಟ್ಟು ಬಂದದ್ದೂ ಉಂಟು

ಚಿರೇಕಲ್ಲು, ಜಲ್ಲಿ ಹೇರಿಕೊಂಡು ಅರಬೈಲ್, ದೇವಿಮನೆ ಘಟ್ಟ ಹತ್ತಿಳಿಯುವ ಲಾರಿಯ ಹಿಂದಿನ ಆಕ್ಸೆಲ್‌ಗೆ ಈ ಪ್ಲಗ್ (ಆಯಿಲ್ ಇಳಿಸುವ ತೂತಿನ ಬಿರಡೆ, ತುದಿಯ ಮ್ಯಾಗ್ನೆಟ್ ಕಬ್ಬಿಣದ ಚೂರು ಹಿಡಿಯುತ್ತದೆ) ಬೇಕೇ ಎಂದರೆ, ಬೇಕು. ಯಾವ ಪ್ಲಗ್ ಎನ್ನುವಲ್ಲೇ ಎಡವಟ್ಟು.

ಇದರ ಬೆಲೆ ತಿಳಿಯುವುದು ಆಯಿಲ್ ಬದಲಿಸುವ ದಿನ. ಲಾರಿ ಓಡಿ ಬಂದು ಹೌಸಿಂಗ್ (ಆಕ್ಸೆಲ್‌ನ ಹೊರಕವಚ) ಬಿಸಿಯಿರುವಾಗಲೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಮೊದಲು ಆಯಿಲ್ ತುಂಬುವ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಅದು ತುಕ್ಕು ಹಿಡಿದು ಕೂತಿರುವುದು ಆಯಿಲ್ ಇಳಿಸಿದ ಮೇಲೆ ಗೊತ್ತಾದರೆ ಆಕ್ಸೆಲ್ ಖಾಲಿ, ತುಂಬಲು ದಾರಿಯಿಲ್ಲ. ಆಮೇಲೆ ಡ್ರೈನ್ ಪ್ಲಗ್. ತುದಿಗೆ ಅಂಟಿದ್ದನ್ನು ಬಿಳಿ ಬಟ್ಟೆಗೆ ಒರೆಸಿ, ಬೆರಳಲ್ಲಿ ಉಜ್ಜಿ ನೋಡಬೇಕು. ಕಾಡಿಗೆಯಷ್ಟು ನುಣ್ಣಗಿನ ಬೂದು ಪೇಸ್ಟ್ ಸಹಜ ಸವೆತ. ಹೊಸ ಕ್ರೌನ್-ಪಿನಿಯನ್ (ಎಂಜಿನ್ ಶಕ್ತಿಯನ್ನು ಚಕ್ರಗಳತ್ತ ತಿರುಗಿಸುವ ಹಲ್ಲುಚಕ್ರದ ಜೋಡಿ) ಕೂರಿಸಿದ ನಂತರದ ಮೊದಲ ಬದಲಾವಣೆಯಲ್ಲಿ ತುಸು ಹೆಚ್ಚೇ ಬರುತ್ತದೆ. ಉಗುರಿಗೆ ತಾಗುವ ತೆಳು, ಹೊಳೆಯುವ ಚಕ್ಕೆ ಸಿಕ್ಕರೆ ಬೇರಿಂಗ್ ಮೇಲೆ ಅನುಮಾನ. ದಪ್ಪಗೆ ಅಂಚಿರುವ ತುಂಡು ಬಂತೋ, ಹಲ್ಲು ಮುರಿದಿರಬಹುದು. ಹೊಸ ಆಯಿಲ್ ಸುರಿಯುವುದು ಬಿಟ್ಟು ಒಳಭಾಗ ಇಳಿಸಿ ನೋಡಿಸಿ.

ಪ್ಲಗ್ ಸ್ವಚ್ಛವಾಗಿ ಬಂತೆಂದು ಮಾತ್ರ ನಿಶ್ಚಿಂತರಾಗಬೇಡಿ. ಕೆಲವು ಆಕ್ಸೆಲ್‌ಗಳಲ್ಲಿ ಸ್ಟಾರ್ ಗೇರ್ (ತಿರುವಿನಲ್ಲಿ ಎರಡು ಬದಿಯ ಚಕ್ರ ಬೇರೆ ವೇಗದಲ್ಲಿ ತಿರುಗಲು ಬಿಡುವ ಸಣ್ಣ ಹಲ್ಲುಚಕ್ರ) ಹಿಂದಿನ ವಾಷರ್ ಕಂಚಿನದು, ಮ್ಯಾಗ್ನೆಟ್‌ಗೆ ಸಿಗದು. ಅದು ಸವೆದಿದ್ದರೆ, ಹಳೆ ಆಯಿಲನ್ನು ತೆಳು ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿದರೆ ಹಳದಿ ಮಿಂಚು ಕಾಣುತ್ತದೆ.

ಇನ್ನು ಸಿಟ್ಟಿನ ವಿಷಯ. ಅಗ್ಗದ ಪ್ಲಗ್‌ಗಳಲ್ಲಿ ಮ್ಯಾಗ್ನೆಟನ್ನು ಬರೀ ಅಂಟು ಹಾಕಿ ಕೂರಿಸಿರುತ್ತಾರೆ. ಲೋಡ್ ಹೊತ್ತು ಘಟ್ಟ ಹತ್ತುವಾಗ ಆಕ್ಸೆಲ್ ಆಯಿಲ್ 100 ಡಿಗ್ರಿ ದಾಟುವುದುಂಟು. ಸಾಧಾರಣ ನಿಯೋಡಿಮಿಯಂ ಮ್ಯಾಗ್ನೆಟ್ಟಿನ ಮಿತಿಯೇ ಸುಮಾರು 80 ಡಿಗ್ರಿ. ಹಿಡಿತ ಸೋಲುತ್ತದೆ, ಅಂಟು ಬಿಡುತ್ತದೆ, ಕೊನೆಗೆ ಮ್ಯಾಗ್ನೆಟ್ಟೇ ಹೌಸಿಂಗ್ ಒಳಗೆ. ಚೂರು ಹಿಡಿಯಲು ಹಾಕಿದ್ದೇ ಕ್ರೌನ್ ಹಲ್ಲಿಗೆ ಸಿಕ್ಕಿದರೆ ಯಾರನ್ನು ಬೈಯುವುದು? ಅಂಗಡಿಯಲ್ಲಿ ಕೇಳಿದರೆ "ಎಲ್ಲಾ ಒಂದೇ ಅಣ್ಣಾ" ಎನ್ನುತ್ತಾರೆ. ಒಂದೇ ಅಲ್ಲ. ಒತ್ತಿ ಕೂರಿಸಿ ಅಂಚು ಮಡಚಿದ, ಹೆಚ್ಚು ಬಿಸಿ ತಾಳುವ ಸಮೇರಿಯಂ ಕೋಬಾಲ್ಟ್ ಅಥವಾ ಅಲ್ನಿಕೋ ಮ್ಯಾಗ್ನೆಟ್ಟಿನದನ್ನೇ ಕೇಳಿ. ದುಬಾರಿ, ಒಪ್ಪುತ್ತೇನೆ, ಒಂದೇ ಲಾರಿ ಇಟ್ಟುಕೊಂಡವರಿಗೂ ಕ್ರೌನ್-ಪಿನಿಯನ್ ಜೋಡಿಯ ಬಿಲ್ ಮುಂದೆ ಅದು ಚಿಲ್ಲರೆ. ಹಳೆ ಪ್ಲಗ್ ಒಯ್ದು ಥ್ರೆಡ್ ಮತ್ತು ಉದ್ದ ಎರಡನ್ನೂ ಹೋಲಿಸಿ. ಹೊಸದಿದ್ದಾಗ ಅದು ಎತ್ತುವ ದೊಡ್ಡ ನಟ್ ಒಂದನ್ನು ಎತ್ತಿಡಿ. ಪ್ರತಿ ಸಲ ಅದರಲ್ಲೇ ಪರೀಕ್ಷಿಸಿದರೆ ಶಕ್ತಿ ಕುಂದಿದ್ದು ತಿಳಿಯುತ್ತದೆ.

ಕರಾವಳಿಯ ಮಳೆಗಾಲದಲ್ಲಿ ಪ್ಲಗ್‌ಗಿಂತ ಬ್ರೀದರ್ (ಆಕ್ಸೆಲ್ ಒಳಗಿನ ಗಾಳಿ ಆಡುವ ಕಿಂಡಿ) ಮುಖ್ಯ. ಬಿಸಿ ಆಕ್ಸೆಲ್ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ನೀರೆಳೆಯುತ್ತದೆ. ಆಯಿಲ್ ಬಿಳಿಚಾಗಿ ಕದಡಿದ್ದರೆ ಅವಧಿ ಕಾಯದೆ ಬದಲಿಸಿ. ಬ್ರೀದರ್ ಕೆಸರು ಕಟ್ಟಿದರೆ ಒತ್ತಡ ಏರಿ ಹಬ್ ಸೀಲಿನಿಂದ ಆಯಿಲ್ ಬ್ರೇಕ್ ಲೈನರ್‌ಗೆ ಇಳಿಯುತ್ತದೆ. ದೇವಿಮನೆ ಇಳಿಜಾರಿನಲ್ಲಿ ಅದೇನೆಂದು ಡ್ರೈವರುಗಳಿಗೆ ಹೇಳಬೇಕಿಲ್ಲ.

ಮುಚ್ಚುವಾಗ ಹೊಸ ವಾಷರ್ ಹಾಕಿ. ಕಂಪನಿ ಹೇಳಿದ ದಪ್ಪದ ಜಿಎಲ್-5 ದರ್ಜೆಯ ಗೇರ್ ಆಯಿಲನ್ನು ಫಿಲ್ಲರ್ ತೂತಿನ ಕೆಳಅಂಚಿನವರೆಗೆ ತುಂಬಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಆಯಿಲ್ ಎರಡೂ ಬದಿಯ ಕೊಳವೆಗೆ ಹರಿದು ಮಟ್ಟ ಇಳಿದಿರುತ್ತದೆ.