ಒಂದೇ ಚೀಟಿ, ಮೂರು ಅಂಗಡಿ: ಡಿಮಾರ್ಟ್, ಸ್ಮಾರ್ಟ್ ಬಜಾರ್, ನಮ್ಮ ಬೀದಿಯ ಶೆಟ್ಟರು

ಮೂರು ತಿಂಗಳು ಒಂದೇ ಚೀಟಿ ಹಿಡಿದು ಮೂರು ಕಡೆ ಮನೆ ಸಾಮಾನು ತಂದೆ. ಬೆಂಗಳೂರು, ನಾಲ್ಕು ಜನರ ಮನೆ. ಅಕ್ಕಿ, ತೊಗರಿ ಬೇಳೆ, ಎಣ್ಣೆ, ಸೋಪು, ಬಟ್ಟೆ ಪೌಡರ್, ಒಂದಿಷ್ಟು ತರಕಾರಿ.

ಮೊದಲು ಡಿಮಾರ್ಟ್. ಸೋಪು, ಎಣ್ಣೆ, ಬಿಸ್ಕತ್ತಿನಂಥ ಪ್ಯಾಕೆಟ್ ಸಾಮಾನಿಗೆ ನನಗೆ ಇದೇ ಅಗ್ಗ. ಆಫರ್ ದಿನಕ್ಕೆ ಕಾಯಬೇಕಿಲ್ಲ, ಯಾವತ್ತು ಹೋದರೂ ಎಂಆರ್‌ಪಿಗಿಂತ ಕಡಿಮೆ. ಇದು ಅವರಿಗೆ ಹೇಗೆ ಗಿಟ್ಟುತ್ತೆ ಅಂತ ನೋಡಿದರೆ, ಗುಟ್ಟು ಇರೋದು ಕಟ್ಟಡದಲ್ಲಿ. ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಮೊದಲ ಅಂಗಡಿ ತೆರೆದಾಗಿನಿಂದ, ಬಾಡಿಗೆಗೆ ಹಿಡಿಯೋ ಬದಲು ಆದಷ್ಟೂ ಜಾಗವನ್ನು ಕೊಂಡುಕೊಳ್ಳುತ್ತಾ ಬಂದರು. ಸರಕು ಕೊಟ್ಟವರಿಗೆ ಬೇಗ ದುಡ್ಡು ಕೊಡುತ್ತಾರೆ, ಅದಕ್ಕೆ ಅವರೂ ರೇಟು ಇಳಿಸುತ್ತಾರೆ. ಹೀಗೆ ಮಾಡಿದರೆ ಬೆಳೆಯೋದು ನಿಧಾನ ಆಗುತ್ತೆ. 2017ರಲ್ಲಿ 299 ರೂಪಾಯಿಗೆ ಷೇರು ಬಿಟ್ಟಾಗ, ಶುರುವಾಗಿ 15 ವರ್ಷ ಆಗಿದ್ದರೂ, ಒಂದೂವರೆ ನೂರು ಅಂಗಡಿ ಕೂಡ ಇರಲಿಲ್ಲ. 2025ರ ಮಾರ್ಚ್ ಹೊತ್ತಿಗೆ 415. ಅದೇ 1997ರಲ್ಲಿ ಚೆನ್ನೈನಲ್ಲಿ ಶುರುವಾದ ಸುಭಿಕ್ಷಾ ನೋಡಿ, ಸುಮಾರು 1,600 ಅಂಗಡಿ ತೆರೆದು 2009ಕ್ಕೆ ಬಾಗಿಲು ಹಾಕಿತು.

ಒಂದು ಎಚ್ಚರಿಕೆ. ಅಗ್ಗ ಅಂತ ಚೀಟಿಯಲ್ಲಿ ಇಲ್ಲದ ಆರು ಸಾಮಾನು ನನ್ನ ಟ್ರಾಲಿ ಸೇರಿದ್ದವು. ಅದನ್ನೂ ಸೇರಿಸಿದರೆ ಉಳಿತಾಯ ಅಷ್ಟೇನೂ ಇರಲಿಲ್ಲ.

ಎರಡನೇ ತಿಂಗಳು ಸ್ಮಾರ್ಟ್ ಬಜಾರ್. ನಾನು ಹೋದ ಅಂಗಡಿ ಮೊದಲು ಬಿಗ್ ಬಜಾರ್ ಆಗಿತ್ತು, ಒಳಗೆ ಕಾಲಿಟ್ಟ ಕೂಡಲೇ ಅಮ್ಮನ ನೆನಪಾಯ್ತು. ಕಿಶೋರ್ ಬಿಯಾನಿ 2001ರಲ್ಲಿ ಬಿಗ್ ಬಜಾರ್ ಶುರು ಮಾಡಿದಾಗ ಕೋಲ್ಕತ್ತ, ಹೈದರಾಬಾದ್ ಜೊತೆಗೆ ನಮ್ಮ ಬೆಂಗಳೂರಿಗೂ ಅದೇ ವರ್ಷ ಬಂತು. ಅಂಗಡಿ ತೀರಾ ನೀಟಾಗಿದ್ದರೆ ನಮ್ಮ ಜನ ಒಳಗೆ ಬರೋಕೆ ಹಿಂಜರಿಯುತ್ತಾರೆ ಅಂತ, ಅವರು ಬೇಕೆಂದೇ ಸಂತೆಯ ಹಾಗೆ ಇಕ್ಕಟ್ಟಾಗಿ ಜೋಡಿಸುತ್ತಿದ್ದರು, ಅಕ್ಕಿ ಬೇಳೆ ತೆರೆದೇ ಇಡುತ್ತಿದ್ದರು. ಅಮ್ಮ ಅಕ್ಕಿಗೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಆಮೇಲೇ ತೂಗಿಸುತ್ತಿದ್ದಳು. 2006ರ ಜನವರಿ 26ಕ್ಕೆ ಶುರುವಾದ ಆ ಅಗ್ಗದ ಮಾರಾಟದ ಗದ್ದಲ ನೆನಪಿದೆ ಅಲ್ವಾ? ಆದರೆ ಇಲ್ಲಿ ಕಟ್ಟಡ ಬಾಡಿಗೆಯದು, ಬೆಳೆದದ್ದು ಸಾಲದಲ್ಲಿ. ಲಾಕ್‌ಡೌನ್ ಬಂತು, ಬಾಡಿಗೆ ಬಾಕಿ ಬಿತ್ತು. 2022ರ ಫೆಬ್ರವರಿಯಲ್ಲಿ ರಿಲಯನ್ಸ್ ಒಂದೊಂದೇ ಅಂಗಡಿಯನ್ನು ತನ್ನ ಕೈಗೆ ತೆಗೆದುಕೊಂಡಿತು. ನನಗೆ ಈಗಲೂ ಬೇಜಾರಿದೆ.

ಇರಲಿ, ಈಗಿನ ಅಂಗಡಿ ಹೇಗಿದೆ? ತರಕಾರಿ ಇಲ್ಲೇ ಚೆನ್ನಾಗಿತ್ತು. ರಿಲಯನ್ಸ್ ಈ ವ್ಯಾಪಾರಕ್ಕೆ ಇಳಿದದ್ದೇ ತರಕಾರಿ ಹಿಡಿದು, 2006ರಲ್ಲಿ ಹೈದರಾಬಾದ್‌ನಲ್ಲಿ ರಿಲಯನ್ಸ್ ಫ್ರೆಶ್ ಅಂತ. ಪ್ಯಾಕೆಟ್ ಸಾಮಾನಿನಲ್ಲಿ ಒಂದಕ್ಕೊಂದು ಉಚಿತದಂಥ ಆಫರ್ ಜಾಸ್ತಿ. ನಮ್ಮ ಮನೆಗೆ ಒಂದೇ ಸಾಕು ಅನ್ನೋವಾಗ ಅದರಿಂದ ಲಾಭವಿಲ್ಲ, ದೊಡ್ಡ ಮನೆಗೆ ಆಗಬಹುದು.

ಮೂರನೇ ತಿಂಗಳು ಶೆಟ್ಟರು. ಬಿಲ್ ಮೂರರಲ್ಲಿ ಇಲ್ಲೇ ಜಾಸ್ತಿ. ಆದರೆ ಕಾಲು ಕೆಜಿ ಬೇಳೆ ಕೊಡ್ತಾರೆ, ಫೋನ್ ಮಾಡಿದರೆ ಹುಡುಗ ಮನೆಗೆ ತರ್ತಾನೆ, ತಿಂಗಳ ಕೊನೆಗೆ ಲೆಕ್ಕ ಬರೆಸಬಹುದು. ಸರಕು ಎಲ್ಲಿಂದ ತರ್ತೀರಿ ಅಂತ ಕೇಳಿದೆ. ಯಶವಂತಪುರದ ಮೆಟ್ರೋದಿಂದ ಅಂದರು. ಭಾರತದಲ್ಲಿ ಮೆಟ್ರೋದ ಮೊದಲ ಸಗಟು ಮಳಿಗೆ ಅದೇ, 2003ರದು. 2023ರಲ್ಲಿ ಅದನ್ನೂ ರಿಲಯನ್ಸ್ ಕೊಂಡಿತು. ಅಂದರೆ ನಾನು ಪೈಪೋಟಿ ಅಂದುಕೊಂಡಿದ್ದ ಸ್ಮಾರ್ಟ್ ಬಜಾರ್, ಶೆಟ್ಟರ ಅಂಗಡಿ ಎರಡಕ್ಕೂ ಒಂದಿಷ್ಟು ಸರಕು ಒಂದೇ ಯಜಮಾನನಿಂದ ಬರುತ್ತಿದೆ! ಇದು ಗೊತ್ತಾದಾಗ ನಿಜಕ್ಕೂ ಯೋಚನೆಗೆ ಬಿದ್ದೆ.

ಈಗ ಎರಡು ತಿಂಗಳಿಗೊಮ್ಮೆ ಸೋಪು, ಎಣ್ಣೆಗೆ ಡಿಮಾರ್ಟ್. ಹೋದರೆ ತರಕಾರಿಗೆ ಸ್ಮಾರ್ಟ್ ಬಜಾರ್. ಬೇಳೆ, ಅಕ್ಕಿ, ಸಾಂಬಾರ ಪದಾರ್ಥ ಮಾತ್ರ ಶೆಟ್ಟರ ಹತ್ತಿರವೇ. ಮೊನ್ನೆ ಎರಡು ಕೆಜಿ ತೊಗರಿ ಬೇಳೆ ಕೇಳಿದರೆ ಅವರು ಕೊಡಲಿಲ್ಲ. "ಇದು ಹಳೇದು ಅಕ್ಕ, ಬೇಯಲ್ಲ. ಗುರುವಾರ ಹೊಸದು ಬರುತ್ತೆ, ಕಳಿಸ್ತೀನಿ" ಅಂದರು. ಗುರುವಾರ ಕಳಿಸಿದರು.