ಊರಿನ ನಕ್ಷೆಗೆ ವಾಟಾಬೌ ಸಿಟಿ ಜನರೇಟರ್: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ಪಾತ್ರಗಳಾಗಿ ಕಥೆ ಕಟ್ಟುವ ಆಟ) ಆಟದಲ್ಲಿ ಹೊಸ ಊರು ಬರುವಾಗಲೆಲ್ಲ ನಾನು ಮೊದಲು ತೆರೆಯುವುದು ವಾಟಾಬೌ ಅವರ 'ಮೀಡೀವಲ್ ಫ್ಯಾಂಟಸಿ ಸಿಟಿ ಜನರೇಟರ್', ಮಧ್ಯಯುಗದ ಕಲ್ಪಿತ ಊರುಗಳ ನಕ್ಷೆಯನ್ನು ತಾನೇ ಬಿಡಿಸಿಕೊಡುವ ತಾಣ. ವಾಟಾಬೌ ಎಂಬುದು ಒಲೆಗ್ ಡೋಲ್ಯಾ ಅವರ ಅಡ್ಡಹೆಸರು, ಪಿಕ್ಸೆಲ್ ಡಂಜನ್ ಎಂಬ ಮೊಬೈಲ್ ಆಟ ಮಾಡಿದವರೂ ಅವರೇ. ಬ್ರೌಸರ್‌ನಲ್ಲೇ ಓಡುತ್ತದೆ, ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಸಿಕ್ಕ ನಕ್ಷೆಯನ್ನು ತಿದ್ದಬಹುದು, ಹಂಚಬಹುದು, ಮಾರಾಟಕ್ಕಿಟ್ಟ ಸಾಹಸಕಥೆಯಲ್ಲೂ ಹಾಕಿಕೊಳ್ಳಬಹುದು. ಹೆಸರು ಹೇಳಿದರೆ ಅವರಿಗೆ ಸಂತೋಷ, ಕಡ್ಡಾಯವೇನಿಲ್ಲ. ಡಿಎಂ (ಡಂಜನ್ ಮಾಸ್ಟರ್, ಕಥೆ ಹೇಳುತ್ತ ಆಟ ನಡೆಸುವವರು) ಆಗಿ ಆಟ ನಡೆಸುವ ಯಾರೇ ಕೇಳಿದರೂ ನಾನು ಮೊದಲು ಇದರ ಹೆಸರನ್ನೇ ಹೇಳುತ್ತೇನೆ. ಆದರೆ ಇದು ಕೊಡುವುದು ಊರಿನ ಎಲುಬುಗೂಡು ಮಾತ್ರ. ಆ ಊರು ಅಲ್ಲೇ ಏಕೆ ಹುಟ್ಟಿತು ಎಂಬ ಕಾರಣವನ್ನು ನಾವೇ ತುಂಬಬೇಕು.

ಎಂಟರ್ ಒತ್ತಿದರೆ ಸಾಕು, ಕೋಟೆಗೋಡೆ, ಬಾಗಿಲುಗಳು, ಸಂತೆ ಚೌಕ, ದೇಗುಲ, ಮನೆಗಳ ಸಾಲು ಎಲ್ಲ ಇರುವ ಒಂದು ಊರು ಎದ್ದು ಬರುತ್ತದೆ. ಒಳಗಿನ ಕೆಲಸ ಸರಳ. ಹಾಳೆಯ ಮೇಲೆ ಚುಕ್ಕೆಗಳನ್ನು ಚೆಲ್ಲಿ, ಪ್ರತಿ ಚುಕ್ಕೆಗೂ ತನಗೆ ಹತ್ತಿರದ ಜಾಗವನ್ನು ಹಂಚುತ್ತದೆ. ಹಾಗೆ ಆದ ತುಂಡುಗಳಲ್ಲಿ ಒಂದು ಸಂತೆಗೆ, ಒಂದು ಅರಮನೆಗೆ, ಕೆಲವು ಕುಶಲಕರ್ಮಿಗಳಿಗೆ, ಕೆಲವು ಸಿರಿವಂತರಿಗೆ, ಕೆಲವು ಬಡವರಿಗೆ. ಆಮೇಲೆ ಪ್ರತಿ ತುಂಡನ್ನೂ ಮನೆ ಮನೆಯಾಗಿ ಸೀಳುತ್ತದೆ. ಸಿರಿವಂತರ ಕೇರಿಯಲ್ಲಿ ದೊಡ್ಡ ಕಟ್ಟಡ, ಬಡವರ ಕೇರಿಯಲ್ಲಿ ಒತ್ತೊತ್ತಾದ ಗೂಡುಗಳು. ಹೆಸರು ಬರೆಯದಿದ್ದರೂ ಯಾವ ಕಡೆ ದುಡ್ಡಿದೆ ಎಂದು ಆಟಗಾರರಿಗೆ ಕಣ್ಣಿಗೇ ಗೊತ್ತಾಗುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಇದನ್ನು ಬಿಟ್ಟಿಲ್ಲ.

ಆಟ ನಡೆಯುವಾಗ ಬರುವ ಪ್ರಶ್ನೆಗಳನ್ನು ಮೊದಲೇ ಊಹಿಸಲಾಗುವುದಿಲ್ಲ. "ಗುರೂ, ಈ ಗಲ್ಲಿ ಎಲ್ಲಿಗೆ ಹೋಗುತ್ತೆ?", "ಕಾವಲುಗಾರರು ಬರೋ ಮುಂಚೆ ಯಾವ ಬಾಗಿಲು ಮುಟ್ಟಬಹುದು?", "ಆ ಛಾವಣಿಯಿಂದ ಈ ಛಾವಣಿಗೆ ಹಾರಬಹುದಾ?" ನಕ್ಷೆ ಮೇಜಿನ ಮೇಲಿದ್ದರೆ ಉತ್ತರವೂ ಅಲ್ಲೇ ಇರುತ್ತದೆ, ನಾನು ಆ ಕ್ಷಣಕ್ಕೆ ಕಟ್ಟಿದ್ದಲ್ಲ ಎಂಬ ನಂಬಿಕೆಯೂ ಅವರಿಗೆ ಬರುತ್ತದೆ. ನ್ಯಾಯವಾಗಿ ನಡೆದ ಬೆನ್ನಟ್ಟುವಿಕೆಗೂ ಡಿಎಂ ಬಾಯಿಮಾತಿನ ಬೆನ್ನಟ್ಟುವಿಕೆಗೂ ಇರುವ ವ್ಯತ್ಯಾಸ ಆಡಿದವರಿಗೇ ಗೊತ್ತು.

ಹೊಸಬರಿಗೆ ಒಂದು ಮಾತು: ಊರನ್ನು ಚಿಕ್ಕದಾಗಿ ಇಡಿ. ಡಿಎಂಗಳಿಗಾಗಿಯೇ ಇರುವ ಡಿ ಅಂಡ್ ಡಿ ಪುಸ್ತಕ, 2014ರ ಡಂಜನ್ ಮಾಸ್ಟರ್ಸ್ ಗೈಡ್ ಲೆಕ್ಕದಲ್ಲಿ ಹಳ್ಳಿ ಎಂದರೆ ಸುಮಾರು 1,000 ಜನರವರೆಗೆ, ಪಟ್ಟಣ ಎಂದರೆ 6,000ದವರೆಗೆ, ನಗರ ಎಂದರೆ 25,000ದವರೆಗೆ. ಮನೆಗೆ ಐದು ಜನ ಎಂದು ಹಿಡಿದರೆ 300 ಮನೆಗಳ ನಕ್ಷೆಯಲ್ಲೇ 1,500 ಜನ ಬದುಕುತ್ತಾರೆ. ಒಂದು ಇಡೀ ಕ್ಯಾಂಪೇನ್‌ಗೆ (ಹಲವು ಕೂಟಗಳಲ್ಲಿ ಮುಂದುವರಿಯುವ ಒಂದೇ ಕಥೆಗೆ) ಅಷ್ಟು ಧಾರಾಳ. ದೊಡ್ಡ ನಗರದ ನಕ್ಷೆ ನೋಡಲು ಚೆಂದ, ಆದರೆ ಅದರಲ್ಲಿ ಆಟಗಾರರು ಯಾವ ಬೀದಿಯನ್ನೂ ನೆನಪಿಟ್ಟುಕೊಳ್ಳುವುದಿಲ್ಲ.

ಇನ್ನು ಈ ಉಪಕರಣಕ್ಕೆ ಗೊತ್ತಿಲ್ಲದ್ದು ಏನು ಎಂಬುದು. ಜರ್ಮನಿಯ ಬವೇರಿಯಾದಲ್ಲಿ ನೋರ್ಡ್ಲಿಂಗನ್ ಎಂಬ ಊರಿದೆ. ಸುತ್ತಲೂ 2.7 ಕಿಲೋಮೀಟರ್ ಉದ್ದದ ಕೋಟೆಗೋಡೆ, ಅದರ ಮೇಲೆ ಇವತ್ತಿಗೂ ಒಂದು ಪೂರ್ತಿ ಸುತ್ತು ನಡೆದು ಬರಬಹುದು. ಐದು ಬಾಗಿಲು, ನಡುವೆ ಚರ್ಚಿನ 90 ಮೀಟರ್ ಎತ್ತರದ ಗೋಪುರ. ಮೇಲಿನಿಂದ ತೆಗೆದ ಅದರ ಚಿತ್ರ ನೋಡಿದರೆ ಈ ಜನರೇಟರ್ ಬಿಡಿಸಿದ್ದೇ ಅನ್ನಿಸುತ್ತದೆ. ಆದರೆ ಸ್ವಲ್ಪ ಹೊತ್ತು ದಿಟ್ಟಿಸಿ. ಗೋಡೆಯ ಒಳಗೆ ಇನ್ನೊಂದು ದುಂಡನೆಯ ಬೀದಿ ಕಾಣುತ್ತದೆ. ಮೊದಲ ಗೋಡೆ ಇದ್ದದ್ದು ಅಲ್ಲಿ. ಊರು ಅದನ್ನು ಮೀರಿ ಬೆಳೆದ ಮೇಲೆ, 1327ರಲ್ಲಿ ಹೊರಗಿನ ಗೋಡೆಗೆ ಕೈಹಾಕಿದರು. ಚರ್ಮ ಹದ ಮಾಡುವವರ ಕೇರಿ ಎಗರ್ ಎಂಬ ಹೊಳೆಗೆ ಅಂಟಿಕೊಂಡಿದೆ, ಏಕೆಂದರೆ ಅವರ ಕೆಲಸಕ್ಕೆ ಹರಿಯುವ ನೀರು ಬೇಕು. ಜನರೇಟರ್‌ನಲ್ಲಿ ನದಿಯನ್ನು ಆಯ್ಕೆ ಮಾಡಿದರೆ ನದಿ ಬರುತ್ತದೆ, ಸೇತುವೆಯೂ ಬರುತ್ತದೆ. ಆದರೆ ನದಿಯನ್ನು ನಂಬಿ ಬದುಕುವವರು ಅದರ ದಡಕ್ಕೆ ಬರುವುದಿಲ್ಲ. ಏರು ತಗ್ಗು ಇಲ್ಲ, ಹಳೆಯ ಗೋಡೆಯ ಗುರುತಿಲ್ಲ. ಇದರ ಗುರಿ ಚೆಂದದ ನಕ್ಷೆಯೇ ಹೊರತು ನಿಜವಾದ ನಗರದ ಮಾದರಿಯಲ್ಲ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ, ಹಾಗಾಗಿ ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ನಮ್ಮ ಕೆಲಸ ಶುರುವಾಗುವುದೇ ಇಲ್ಲಿಂದ.

ಬೆಂಗಳೂರಿನಲ್ಲಿ ಆಡುವ ನಮಗೆ ಆ ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯನ್ನೇ ನೋಡಿ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಬೀದಿಗಳು ಕೂಡುವ ಚೌಕ, ನಾಲ್ಕು ದಿಕ್ಕಿಗೆ ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ ಬಾಗಿಲುಗಳು. ದಾರಿ ಯಾವ ಊರಿಗೆ ಹೋಗುತ್ತದೋ ಬಾಗಿಲಿಗೆ ಅದೇ ಹೆಸರು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ: ಹೆಸರು ಕೇಳಿದರೆ ಸಾಕು, ಅಲ್ಲಿ ಏನು ಸಿಗುತ್ತದೆ, ಯಾರಿದ್ದಾರೆ ಎಂದು ತಿಳಿಯುತ್ತದೆ. ನನ್ನ ಕಲ್ಪಿತ ಊರುಗಳಿಗೆಲ್ಲ ಈಗ ಇದೇ ಕ್ರಮ. "ಉತ್ತರದ ಬಾಗಿಲು" ಎಂದರೆ ಆಟಗಾರರು ಮರೆಯುತ್ತಾರೆ. ಅದಕ್ಕೆ ಪಕ್ಕದ ಊರಿನ ಹೆಸರಿಟ್ಟರೆ ಅಲ್ಲಿಗೆ ಹೋಗುವ ಆಸೆಯೂ ಹುಟ್ಟುತ್ತದೆ. ನೀರಿನ ವಿಷಯವೂ ಹಾಗೆಯೇ. ಇವತ್ತಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಪೇಟೆ ಅದನ್ನು ನಂಬಿಕೊಂಡಿತ್ತು. ಕೆರೆಯಿಲ್ಲದ ಒಳನಾಡಿನ ಊರು ನನ್ನ ಕಣ್ಣಿಗೆ ಅಪೂರ್ಣವೇ. ಜನರೇಟರ್ ಕಡಲನ್ನೂ ನದಿಯನ್ನೂ ಕೊಡುತ್ತದೆ, ಕೆರೆಯನ್ನು ನಾನೇ ಬಿಡಿಸಿಕೊಳ್ಳುತ್ತೇನೆ. ಹಾಗೆಯೇ ಉಡುಪಿಯಂಥ ದೇವಸ್ಥಾನದ ಊರು, ಸುತ್ತ ರಥ ತಿರುಗುವ ಅಗಲದ ಬೀದಿ ಬೇಕೆಂದರೆ ಇಲ್ಲಿ ಸಿಗದು. ಅಂಥ ಊರನ್ನು ಕೈಯಲ್ಲೇ ಬಿಡಿಸುವುದು ಒಳ್ಳೆಯದು.

ತಿದ್ದುವುದಕ್ಕೆ ನಕ್ಷೆಯನ್ನು ಎಸ್‌ವಿಜಿ ರೂಪದಲ್ಲಿ (ಪ್ರತಿ ಗೆರೆಯನ್ನೂ ಬೇರೆಯಾಗಿ ಸರಿಸಬಹುದಾದ ಕಡತ) ಇಳಿಸಿಕೊಂಡು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆಯುತ್ತೇನೆ. ಅದೂ ಉಚಿತ. ಪಿಎನ್‌ಜಿ ಚಿತ್ರವೂ ಸಿಗುತ್ತದೆ, ಆದರೆ ಅದರಲ್ಲಿ ಒಂದು ಮನೆಯನ್ನು ಎತ್ತಿ ಬೇರೆ ಕಡೆ ಇಡಲಾಗದು. ಕೆರೆಗೆ ಜಾಗ ಬೇಕಾದರೆ ಮನೆಗಳನ್ನು ಅಳಿಸುತ್ತೇನೆ, ಹಳೆಯ ಗೋಡೆಯ ಜಾಗದಲ್ಲಿ ಒಂದು ದುಂಡು ಬೀದಿ ಬಿಡಿಸುತ್ತೇನೆ, ಅಗಸರನ್ನೂ ಚರ್ಮದವರನ್ನೂ ಹೊಳೆಯ ಕೆಳದಂಡೆಗೆ ತರುತ್ತೇನೆ. ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ, 'ಬಾಲೂ ತಮ್ಮ' ಎಂಬ ಫಾಂಟ್‌ನಲ್ಲಿ. ಅಕ್ಷರ ದಪ್ಪಗಿದ್ದು ಮೇಜಿನ ಆಚೆ ಕೂತವರಿಗೂ ಓದಲು ಬರುತ್ತದೆ. ಒಂದು ಪದರದಲ್ಲಿ ಎಲ್ಲರಿಗೂ ತಿಳಿದ ಹೆಸರುಗಳು, ಇನ್ನೊಂದರಲ್ಲಿ ಕಳ್ಳದಾರಿ, ನೆಲಮಾಳಿಗೆ, ಯಾರ ಮನೆಯಲ್ಲಿ ಯಾರು ಅಡಗಿದ್ದಾರೆ ಎಂಬ ಗುಟ್ಟು. ಎರಡನೆಯದನ್ನು ಮುಚ್ಚಿ ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿದರೆ ಆಟಗಾರರ ಪ್ರತಿ ಸಿದ್ಧ. ಅವರು ಅದರ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಲಿ, ಬೈಯಬೇಡಿ. ಆ ಗುರುತುಗಳಿಂದಲೇ ಊರು ಅವರದಾಗುವುದು.

ಬಣ್ಣ ತುಂಬಿದ, ಗೋಡೆಗೆ ತೂಗುಹಾಕುವಂಥ ಚಿತ್ರ ಬೇಕೆಂದರೆ ಇಂಕಾರ್ನೇಟ್ ಎಂಬ ನಕ್ಷೆ ಬಿಡಿಸುವ ತಾಣ ಇದೆ. ಅಲ್ಲಿ ಮನೆ, ಮರ ಎಲ್ಲವನ್ನೂ ನಾವೇ ಇಡಬೇಕು, ಆ ಬಿಡುವು ಇದ್ದವರಿಗೆ ಸರಿ. ಇಡೀ ಲೋಕದ ನಕ್ಷೆ ಬೇಕಾದವರು ಅಜ್ಗಾರ್ ಅವರ ಫ್ಯಾಂಟಸಿ ಮ್ಯಾಪ್ ಜನರೇಟರ್ ನೋಡಲಿ. ಅದರಲ್ಲಿ ಒಂದು ಊರಿನ ಮೇಲೆ ಒತ್ತಿದರೆ ವಾಟಾಬೌ ನಕ್ಷೆಯೇ ತೆರೆದುಕೊಳ್ಳುತ್ತದೆ. ದೇಶದಿಂದ ಬೀದಿಯವರೆಗೆ ಇಳಿಯಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಬಳಸುವವರು ಒಂದನ್ನು ತಪ್ಪದೆ ಮಾಡಿ. ಇಷ್ಟವಾದ ಊರಿನ ಲಿಂಕ್ ಉಳಿಸಿಕೊಂಡರೆ ಸಾಲದು, ಅದರಲ್ಲಿ ಇರುವುದು ಸೀಡ್ ಸಂಖ್ಯೆ (ಜನರೇಟರ್ ಊರು ಕಟ್ಟಲು ಶುರು ಮಾಡುವ ಸಂಖ್ಯೆ) ಮತ್ತು ನೀವು ಆರಿಸಿದ ಆಯ್ಕೆಗಳು, ಚಿತ್ರವಲ್ಲ. ಜನರೇಟರ್ ಒಳಗೆ ಏನಾದರೂ ಬದಲಾದರೆ ಅದೇ ಸಂಖ್ಯೆಗೆ ಬೇರೆ ಊರು ಬರಬಹುದು. ಎಸ್‌ವಿಜಿ ಕಡತವನ್ನು ಅವತ್ತೇ ಇಳಿಸಿ, ಊರಿನ ಹೆಸರು ಕೊಟ್ಟು, ಕ್ಯಾಂಪೇನ್ ಫೋಲ್ಡರ್‌ನಲ್ಲಿ ಇಟ್ಟುಬಿಡಿ.