ವಾರ್ಡಿನ ಹಾಸಿಗೆ ಮೇಲೆ ‘ದೀಕ್ಷಾ’ ಆ್ಯಪ್: ಎಷ್ಟು ಒದಗುತ್ತದೆ, ಎಲ್ಲಿ ಸಾಲದು

ಮಕ್ಕಳ ರಕ್ತದ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವ ಎಎಲ್‌ಎಲ್‌ಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ. ರಾಯಚೂರು, ಕಲಬುರಗಿಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದ ಮಗು ಅಷ್ಟು ಕಾಲ ಶಾಲೆಗೆ ಹೋಗಿಬರುತ್ತಾ ಇರಲು ಆಗುವುದಿಲ್ಲ. ಹಾಗಾಗಿ ಶಾಲಾಪಾಠಗಳಿರುವ, ಸರ್ಕಾರದ ಉಚಿತ ‘ದೀಕ್ಷಾ’ ಆ್ಯಪನ್ನು ವಾರ್ಡಿನ ಕಣ್ಣಿನಿಂದ ನೋಡಬೇಕು.

ಇದರ ದೊಡ್ಡ ಗುಣ, ಊರಿನ ಶಾಲೆಯ ಪಠ್ಯಪುಸ್ತಕಕ್ಕೇ ಹೊಂದಿಕೊಂಡಿರುವುದು. ಪಾಠದ ಪಕ್ಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಪುಟ ಮಾಸಿದ್ದರೆ ಅದರ ಕೆಳಗಿನ ಆರು ಅಕ್ಷರ ಟೈಪ್ ಮಾಡಿದರೂ ಸಾಕು. ಲಾಗಿನ್ ಇಲ್ಲದೆಯೂ ನೋಡಬಹುದು. ವಾರ್ಡಿನ ನೆಟ್ ನಂಬದೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಯೂಟ್ಯೂಬ್ ಕೊಂಡಿಯ ವಿಡಿಯೊಗಳು ಮಾತ್ರ ಹಾಗೆ ಇಳಿಯುವುದಿಲ್ಲ.

ಸಾಲದಿರುವುದು ಎಲ್ಲೆಂದರೆ, ಈ ಮಗು ಇವತ್ತು ಹೇಗಿದೆ ಎಂಬುದು ಆ್ಯಪ್‌ಗೆ ತಿಳಿಯದು. ಸ್ಟೆರಾಯ್ಡ್ ನಡೆಯುವ ವಾರಗಳಲ್ಲಿ ಸಿಡಿಮಿಡಿ, ವಿಪರೀತ ಹಸಿವು, ನಿದ್ದೆಗೇಡು. ವಿನ್‌ಕ್ರಿಸ್ಟಿನ್‌ ಎಂಬ ಕ್ಯಾನ್ಸರ್ ಔಷಧಿಯಿಂದ ಬೆರಳು ಜುಮ್ಮೆಂದು ಪೆನ್ಸಿಲ್ ಹಿಡಿತ ಸಡಿಲವಾಗುತ್ತದೆ. ಅಕ್ಷರ ಕೆಟ್ಟಿತೆಂದು ಗದರಿಸಬೇಡಿ, ದಪ್ಪ ಪೆನ್ಸಿಲ್ ಕೊಡಿ, ಬಾಯಲ್ಲೇ ಉತ್ತರ ಹೇಳಿಸಿ. ಡ್ರಿಪ್ ಸೂಜಿಯನ್ನು ಬರೆಯದ ಕೈಗೆ ಹಾಕಲಾದೀತೇ ಎಂದು ನರ್ಸ್‌ಗೆ ಮೊದಲೇ ಕೇಳಿ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಗಾಯದ ರಕ್ತ ಬೇಗ ನಿಲ್ಲದು, ಕೈವಾರ, ಕತ್ತರಿ ಬೇಡ. ಒಂದೇ ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ವಾಂತಿ ಬಂದ ದಿನ ಅದೂ ಬೇಡ. ಬಿಟ್ಟ ಪಾಠ ನಾಳೆ ಸಿಗುತ್ತದೆ.

ಮನೆಗೊಂದೇ ಮೊಬೈಲ್ ಇರುವಾಗ ಇನ್ನೊಂದು ತೊಡಕು. ಅಪ್ಪ ಔಷಧಿ ಕ್ಯೂಗೆ ಹೊರಟರೆ ಪಾಠವೂ ಅವರ ಜೇಬಿನಲ್ಲೇ ಹೋಯಿತು. ಆದ್ದರಿಂದ ಪಠ್ಯದ ಪಿಡಿಎಫ್‌ನಿಂದ ಒಂದೊಂದೇ ಪಾಠ ಪ್ರಿಂಟ್ ತೆಗೆಸಿಡಿ. ಆ ಹಾಳೆ ಆ ಮಗುವಿಗೇ ಮೀಸಲು. ಬಿಳಿ ರಕ್ತಕಣ ಕುಸಿದು ಸೋಂಕು ಬೇಗ ತಗಲುವಾಗ ಹಾಸಿಗೆಯಿಂದ ಹಾಸಿಗೆಗೆ ಸುತ್ತುವ ಪುಸ್ತಕಕ್ಕಿಂತ ಇದು ಒಳ್ಳೆಯದು. ಮೊಬೈಲನ್ನು ಸ್ಪಿರಿಟ್ ವೈಪ್‌ನಿಂದ ಒರೆಸಿ ಕೊಡಿ.

ನಾಲ್ಕನೇ ತರಗತಿಯಿಂದ ಮೇಲಿನವರಿಗೆ ಧಾರಾಳವಾಗಿ ಶಿಫಾರಸು ಮಾಡುತ್ತೇವೆ. ಚಿಕ್ಕವರಿಗೆ ಪಕ್ಕದಲ್ಲಿ ಕೂತು ಓದಿ ಹೇಳುವವರು ಬೇಕೇ ಬೇಕು.

ಹಾಜರಾತಿ ಮಾತ್ರ ಆ್ಯಪ್‌ನಿಂದ ಆಗದು. ಊರಿನ ಶಾಲೆಯಿಂದ ಟಿಸಿ ತೆಗೆಸಬೇಡಿ. ಡಿಸ್ಚಾರ್ಜ್ ಸಮ್ಮರಿಯ ಪ್ರತಿ, ಚಿಕಿತ್ಸೆ ಎಷ್ಟು ದಿನ ಎಂದು ವೈದ್ಯರು ಬರೆದ ಪತ್ರ ಎರಡನ್ನೂ ಹೆಡ್‌ಮಾಸ್ಟರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು (ಶಾಲಾ ದಾಖಲೆಯಲ್ಲಿರುವ ವಿದ್ಯಾರ್ಥಿ ಗುರುತಿನ ಸಂಖ್ಯೆ) ಆಸ್ಪತ್ರೆ ಫೈಲಿನ ಒಳರಟ್ಟಿನ ಮೇಲೇ ಬರೆದಿಡಿ.